ಅಡ್ಡಗೋಡೆಯ ಮೇಲಿನ ದೀಪ: ‘ವಾರ್’ ಆಲ್ಬಮ್ ಕೇಳಿದವರು ಯಾಕೆ ಇಷ್ಟು ಜಗಳಾಡುತ್ತಾರೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮಣ್ಣನ ಮನೆ. ಮಾಳಿಗೆ ಮೇಲಿನ ಖೋಲಿಯಲ್ಲಿ ಅವನ ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಸಂಜೆ ಆರರಿಂದ ಎಂಟರ ತನಕ ಬಾರಿಸುತ್ತಾನೆ. ಎಂಟು ದಾಟಿತೆಂದರೆ ಓಣಿಯವರು ಮೆಟ್ಟಿಲು ಹತ್ತಿ ಬರುತ್ತಾರೆ. ಕಾಲೇಜಿನ ಗ್ಯಾದರಿಂಗಿಗೆ ಒಂದು ಇಂಗ್ಲಿಷ್ ಹಾಡು ಬೇಕಾಗಿತ್ತು. ಹುಡುಗರು ಆರಿಸಿದ್ದು ಐರ್ಲೆಂಡಿನ ಯು2 ಎಂಬ ರಾಕ್ ತಂಡದ ‘ಸಂಡೇ ಬ್ಲಡಿ ಸಂಡೇ’. 1983ರಲ್ಲಿ ಬಂದ ‘ವಾರ್’ ಎಂಬ ಆಲ್ಬಮ್ಮಿನ ಮೊದಲ ಹಾಡು ಅದು. ಆರಿಸಿದ ದಿನವೇ ಜಗಳ ಶುರುವಾಯಿತು.

ಗಿಟಾರ್ ಬಾರಿಸುವ ಅಣ್ಣನ ಮಗನಿಗೆ ಇದು ಹೋರಾಟದ ಹಾಡು. ಡ್ರಮ್ಸಿನ ಹುಡುಗನಿಗೆ ಮಾತಿನ ಗೊಡವೆಯೇ ಇಲ್ಲ. ಶುರುವಿನ ಆ ಡ್ರಮ್ಸ್ ಒಂದಿದ್ದರೆ ಸಾಕು ಅನ್ನುತ್ತಾನೆ. ಬೇಸ್ ಗಿಟಾರಿನ ಹುಡುಗಿ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ಪೂರ್ತಿ ಆಲ್ಬಮ್ ಕೇಳಿಕೊಂಡು ಬಂದಿದ್ದಳು. "ಕಾಕಾ, ಇವ್ರು ಯಾರ ಕಡೆ ಅಂತನ ಹೇಳೂದಿಲ್ಲ. ಬರೇ ಸಾಕು ಮಾಡ್ರಿ, ಸಾಕು ಮಾಡ್ರಿ ಅಂತಾರ. ಇದು ಹೋರಾಟ ಹೆಂಗ ಆತು?" ಅಂತ ನನ್ನನ್ನೇ ಕೇಳಿದಳು. ಚಹಾ ತಟ್ಟೆ ಹಿಡಿದು ಬಂದ ಅಣ್ಣನದು ಇನ್ನೊಂದು ರಾಗ: "ಕಾಲೇಜಿನ್ಯಾಗ ರಾಜಕಾರಣ ಬ್ಯಾಡ. ಬ್ಯಾರೆ ಹಾಡು ಹುಡುಕ್ರಿ."

ನಾಲ್ಕು ಜನ ಕೇಳಿದ್ದು ಒಂದೇ ಹಾಡು, ತೀರ್ಪು ನಾಲ್ಕು ಬಂದವು. ನಲವತ್ತು ವರ್ಷಗಳಿಂದ ಜಗತ್ತಿನ ಎಲ್ಲ ಕಡೆ ಈ ಆಲ್ಬಮ್ಮಿನ ಸುತ್ತ ನಡೆದಿರುವುದೂ ಹೆಚ್ಚುಕಡಿಮೆ ಇದೇ ಜಗಳ. ಮರುದಿನದಿಂದ ಪರಿಚಯದವರೂ ಕೇಳತೊಡಗಿದರು: ಆ ಹಾಡಿನಲ್ಲಿ ಅಂಥಾದ್ದೇನಿದೆ? ಅದಕ್ಕೆ ಬುಡದಿಂದ ಹೇಳುತ್ತೇನೆ.

ಮೊದಲು, ಆಲ್ಬಮ್ ಅಂದರೆ

ಸಿನಿಮಾ ಹಾಡು ಕೇಳಿ ಬೆಳೆದ ನಮಗೆ ಹಾಡು ಅಂದರೆ ಕಥೆಯೊಳಗೆ ಬರುವ ಒಂದು ತುಣುಕು. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ರಾಗ ಹಾಕುತ್ತಾರೆ, ಮತ್ತೊಬ್ಬರು ಹಾಡುತ್ತಾರೆ. ರಾಕ್ ತಂಡದಲ್ಲಿ ಈ ಮೂರೂ ಕೆಲಸ ಸಾಮಾನ್ಯವಾಗಿ ಅದೇ ನಾಲ್ಕೈದು ಜನರದು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅವರು ಹತ್ತು-ಹನ್ನೆರಡು ಹಾಡುಗಳನ್ನು ಒಟ್ಟಾಗಿ ಹೊರಗೆ ತರುತ್ತಾರೆ. ಆ ಗಂಟಿಗೆ ಆಲ್ಬಮ್ ಎಂದು ಹೆಸರು. ಕವಿಯೊಬ್ಬ ಬಿಡಿ ಕವಿತೆಗಳನ್ನು ಕೂಡಿಸಿ ಸಂಕಲನ ತಂದ ಹಾಗೆ. ಯಾವುದು ಮೊದಲು, ಯಾವುದು ಕೊನೆಗೆ ಎಂಬುದಕ್ಕೂ ಅಲ್ಲಿ ಅರ್ಥವಿರುತ್ತದೆ.

‘ವಾರ್’ 1983ರ ಫೆಬ್ರವರಿ 28ರಂದು ಬಂತು. ಇದು ಯು2 ತಂಡದ ಮೂರನೆಯ ಆಲ್ಬಮ್. ಹತ್ತು ಹಾಡು, ಒಟ್ಟು ಸುಮಾರು 42 ನಿಮಿಷ. ಆಗಿನದು ತಟ್ಟೆಯ ಕಾಲ, ಅಂದರೆ ಎಲ್‌ಪಿ ರೆಕಾರ್ಡು. ಒಂದು ಮಗ್ಗುಲಿಗೆ ಐದು ಹಾಡು, ತಿರುಗಿಸಿ ಹಾಕಿದರೆ ಇನ್ನೈದು. ಈ ತಿರುಗಿಸಿ ಹಾಕುವ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಕೈಗೆ ಇದು ಬಂದದ್ದು ಧಾರವಾಡದಲ್ಲಿ ಕಾಲೇಜು ಓದುವಾಗ, ಗೆಳೆಯನೊಬ್ಬ ತುಂಬಿಸಿಕೊಟ್ಟ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ. ಆಲ್ಬಮ್ ಮುಗಿದ ಮೇಲೆ ಎರಡೂ ಕಡೆ ಟೇಪು ಉಳಿಯುತ್ತಿತ್ತು. ಖಾಲಿ ಬಿಡುವುದು ಅವನ ಜಾಯಮಾನವಲ್ಲ. ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಆಕಾಶವಾಣಿ ಧಾರವಾಡದ ಒಂದು ಭಾವಗೀತೆ ತುಂಬಿಸಿದ್ದ, ನಡುವೆ ಅವನವ್ವ ಊಟಕ್ಕೆ ಕರೆದ ದನಿಯ ಸಮೇತ. ಇವತ್ತಿಗೂ ಆಲ್ಬಮ್ಮಿನ ಕೊನೆಯ ಹಾಡು ಮುಗಿದರೆ ನನ್ನ ಕಿವಿ ಆ ಭಾವಗೀತೆಗೂ ಆ ಅವ್ವನ ಕೂಗಿಗೂ ಕಾಯುತ್ತದೆ. ಹೀಗೆ ಕೇಳಿದವನು ಈ ಆಲ್ಬಮ್ ಬಗ್ಗೆ ಹೇಳುವ ಮಾತನ್ನು ಎಷ್ಟು ನಂಬಬೇಕೆಂಬುದನ್ನು ನೀವೇ ನಿರ್ಧರಿಸಿ.

ಐರ್ಲೆಂಡಿನ ಗಡಿ ಜಗಳ

ಐರ್ಲೆಂಡ್ ಒಂದು ದ್ವೀಪ, ಆದರೆ ದೇಶ ಒಂದಲ್ಲ. 1921ರಲ್ಲಿ ಅದನ್ನು ಇಬ್ಭಾಗ ಮಾಡಲಾಯಿತು. ದಕ್ಷಿಣದ ದೊಡ್ಡ ಭಾಗ ಮುಂದೆ ಸ್ವತಂತ್ರ ದೇಶವಾಯಿತು, ಡಬ್ಲಿನ್ ಅದರ ರಾಜಧಾನಿ. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಜೊತೆಗೇ ಉಳಿದವು. ಆ ಉತ್ತರದಲ್ಲಿ ಬ್ರಿಟನ್ ಜೊತೆಗೇ ಇರೋಣ ಎನ್ನುವವರು ಬಹುಪಾಲು ಪ್ರಾಟೆಸ್ಟೆಂಟರು. ಐರ್ಲೆಂಡ್ ಒಂದಾಗಲಿ ಎನ್ನುವವರು ಬಹುಪಾಲು ಕ್ಯಾಥೊಲಿಕ್ಕರು. ಬೆಳಗಾವಿಯ ಗಡಿ ತಕರಾರು ನೋಡುತ್ತ ಬೆಳೆದ ನಮಗೆ ಇದರ ಅರ್ಧ ಭಾಗ ತಟ್ಟನೆ ಅರ್ಥವಾಗುತ್ತದೆ. ಅದಕ್ಕೆ ಧರ್ಮ, ನೌಕರಿ, ಮನೆ ಹಂಚಿಕೆ, ಓಟಿನ ಹಕ್ಕು, ಕೊನೆಗೆ ಬಂದೂಕು ಎಲ್ಲವನ್ನೂ ಸೇರಿಸಿದರೆ ಉಳಿದರ್ಧ. 1960ರ ದಶಕದ ಕೊನೆಗೆ ಹೊತ್ತಿಕೊಂಡ ಈ ಬೆಂಕಿ 1998ರ ಒಪ್ಪಂದದ ತನಕ ಉರಿಯಿತು. ಸತ್ತವರು ಸುಮಾರು 3,500.

1972ರ ಜನವರಿ 30, ಭಾನುವಾರ. ನಮ್ಮಲ್ಲಿ ಗಾಂಧೀಜಿಯ ಹುತಾತ್ಮ ದಿನ. ಉತ್ತರ ಐರ್ಲೆಂಡಿನ ಡೆರ್ರಿ ಪಟ್ಟಣದಲ್ಲಿ ಅವತ್ತು ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟಿತ್ತು. ಬ್ರಿಟಿಷ್ ಪ್ಯಾರಾಶೂಟ್ ರೆಜಿಮೆಂಟಿನ ಸೈನಿಕರು ಗುಂಡು ಹಾರಿಸಿದರು. 13 ಜನ ಅವತ್ತೇ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು ಮುಂದೆ ತೀರಿಕೊಂಡರು. ಆ ದಿನಕ್ಕೆ ‘ಬ್ಲಡಿ ಸಂಡೇ’, ಅಂದರೆ ರಕ್ತದ ಭಾನುವಾರ, ಎಂದು ಹೆಸರು ಬಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಸರ್ಕಾರಿ ವಿಚಾರಣೆಯ ವರದಿ ಸೈನಿಕರ ಮೇಲಿನ ತಪ್ಪನ್ನು ಬಹುಮಟ್ಟಿಗೆ ಮನ್ನಾ ಮಾಡಿತು.

ನವಲಗುಂದ, ನರಗುಂದದವರಿಗೆ ಜುಲೈ 21 ಎಂದರೆ ಸಾಕು. 1980ರಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದದ್ದು, ಗೋಲಿಬಾರ್ ಆದದ್ದು, ಹೆಣ ಬಿದ್ದದ್ದು, ಇದ್ಯಾವುದನ್ನೂ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತಿಗೂ ಆ ದಿನ ಅಲ್ಲಿ ಮಾಲೆ ಬೀಳುತ್ತದೆ. ಡೆರ್ರಿಯವರಿಗೆ ಜನವರಿ 30 ಅಂಥ ತಾರೀಖು. ಈಗ ಹೀಗೆ ಯೋಚನೆ ಮಾಡಿ: ಗೋಲಿಬಾರ್ ಆಗಿ ಹತ್ತು ವರ್ಷದ ಮೇಲೆ ದೂರದ ಊರಿನ ನಾಲ್ಕು ಹುಡುಗರು ಬಂದು ಅದರ ಮೇಲೊಂದು ಹಾಡು ಕಟ್ಟುತ್ತಾರೆ. ಕೇಳುವವರು ಮೊದಲು ಕೇಳುವ ಪ್ರಶ್ನೆ ಯಾವುದು? ‘ನೀವು ಯಾರ ಕಡೆಯವರು?’

ನಾಲ್ಕು ಹುಡುಗರು

ಯು2 ಹುಟ್ಟಿದ್ದು 1976ರಲ್ಲಿ, ಡಬ್ಲಿನ್ನಿನ ಒಂದು ಶಾಲೆಯ ನೋಟೀಸ್ ಬೋರ್ಡಿನಿಂದ. ಡ್ರಮ್ಸ್ ಬಾರಿಸುವ ಲ್ಯಾರಿ ಮಲ್ಲೆನ್ ‘ತಂಡ ಕಟ್ಟಬೇಕು, ಬರುವವರು ಬನ್ನಿ’ ಎಂದು ಚೀಟಿ ಅಂಟಿಸಿದ. ಬಂದವರಲ್ಲಿ ಉಳಿದವರು ಹಾಡುವ ಬೊನೊ, ಗಿಟಾರಿನ ಎಡ್ಜ್, ಬೇಸ್ ಗಿಟಾರಿನ ಆಡಮ್ ಕ್ಲೇಟನ್. ಆ ಶಾಲೆಯಲ್ಲಿ ಎರಡೂ ಪಂಥದ ಮಕ್ಕಳು ಒಟ್ಟಿಗೆ ಕೂಡುತ್ತಿದ್ದರು, ಅಲ್ಲಿನ ಮಟ್ಟಿಗೆ ಅದು ಅಪರೂಪ. ಬೊನೊನ ಅಪ್ಪ ಕ್ಯಾಥೊಲಿಕ್, ಅವ್ವ ಪ್ರಾಟೆಸ್ಟೆಂಟ್. ‘ವಾರ್’ ಮುದ್ರಿಸುವಾಗ ನಾಲ್ವರಿಗೂ ಇಪ್ಪತ್ತರ ಮೇಲೆ ಒಂದೆರಡು ವರ್ಷ, ಹೆಚ್ಚುಕಡಿಮೆ ನಮ್ಮ ಮಾಳಿಗೆ ಖೋಲಿಯ ಹುಡುಗರ ವಯಸ್ಸು.

ಡಬ್ಲಿನ್ ದಕ್ಷಿಣದ ಊರು, ದಿನಬೆಳಗಾದರೆ ಗುಂಡಿನ ಸದ್ದು ಅಲ್ಲಿರಲಿಲ್ಲ. ಹಾಗಂತ ಪೂರಾ ಹೊರಗಿನವರೂ ಅಲ್ಲ. 1974ರ ಮೇ 17ರಂದು ಡಬ್ಲಿನ್ ಮತ್ತು ಮೊನಾಹನ್‌ನಲ್ಲಿ ಸಿಡಿದ ಬಾಂಬುಗಳಿಗೆ ಮೂವತ್ತಕ್ಕೂ ಹೆಚ್ಚು ಜನ ಬಲಿಯಾದಾಗ ಬೊನೊಗೆ ಹದಿನಾಲ್ಕು.

‘ಸಂಡೇ ಬ್ಲಡಿ ಸಂಡೇ’ಯ ಮೊದಲ ಎಳೆ ಎಡ್ಜ್‌ನದು. 1982ರ ಆಗಸ್ಟ್‌ನಲ್ಲಿ ಬೊನೊ ಮದುವೆಯಾಗಿ ಹೆಂಡತಿಯ ಜೊತೆ ಊರು ಬಿಟ್ಟು ಹೋಗಿದ್ದಾಗ ಇವನು ಒಬ್ಬನೇ ಕೂತು ಶುರು ಮಾಡಿದ. ಮೊದಲು ಬರೆದ ಸಾಲು, ಐರ್ಲೆಂಡ್ ಒಂದಾಗಲಿ ಎಂದು ಬಂದೂಕು ಹಿಡಿದಿದ್ದ ಐಆರ್‌ಎ ಎಂಬ ಸಶಸ್ತ್ರ ಗುಂಪನ್ನು ನೇರವಾಗಿ ಚುಚ್ಚುವಂತಿತ್ತು. ಆಮೇಲೆ ಅದನ್ನು ಕೈಬಿಟ್ಟರು. ಈಗ ಇರುವ ಹಾಡಿನ ಶುರುವಿನಲ್ಲಿ ಯಾವ ಗುಂಪಿನ ಹೆಸರೂ ಇಲ್ಲ. ಬೆಳಗಿನ ಸುದ್ದಿ ಕೇಳಿ ತಡೆದುಕೊಳ್ಳಲಾರದ ಒಬ್ಬ ಮನುಷ್ಯ ಇದ್ದಾನೆ, ಅಷ್ಟೇ.

ಹಾಡು ಯಾರ ಪರ?

ಜಗಳದ ಬೇರು ಇರುವುದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಐರ್ಲೆಂಡಿನಲ್ಲಿ ‘ರೆಬೆಲ್ ಸಾಂಗ್’ ಎಂಬ ಹಳೆಯ ಪರಂಪರೆಯಿದೆ. ಬ್ರಿಟಿಷರ ವಿರುದ್ಧ ಎದ್ದವರ, ನೇಣಿಗೇರಿದವರ ಹಾಡುಗಳು. ನಮ್ಮ ಸಂಗೊಳ್ಳಿ ರಾಯಣ್ಣನ ಲಾವಣಿ ಇದ್ದಂತೆ ಅನ್ನಿ. ಲಾವಣಿ ಹಾಡುವವನು ನಡುವೆ ನಿಂತು ತೂಗುವುದಿಲ್ಲ, ಅವನು ರಾಯಣ್ಣನ ಕಡೆ. ಗೀಗೀ ಪದದ ಮೇಳದಲ್ಲಂತೂ ಹರದೇಶಿ, ನಾಗೇಶಿ ಎಂದು ಎರಡು ಪಂಗಡವೇ ಇರುತ್ತದೆ. ಒಂದು ಗಂಡು ಹೆಚ್ಚು ಅಂದರೆ ಇನ್ನೊಂದು ಹೆಣ್ಣು ಹೆಚ್ಚು ಅನ್ನಬೇಕು. ಹಾವೇರಿ ಕಡೆಯ ಹಳ್ಳಿಯಲ್ಲಿ ರಾತ್ರಿಯೆಲ್ಲ ಕೂತು ಕೇಳಿದವರಿಗೆ ಗೊತ್ತು, ನಡುವಿನ ಜಾಗ ಅಲ್ಲಿ ಇರುವುದೇ ಇಲ್ಲ.

ಯು2 ಹಾಡು ಆ ಇಲ್ಲದ ಜಾಗದಲ್ಲಿ ಹೋಗಿ ನಿಂತಿತು. ಹೆಸರು ಕೇಳಿದರೆ ರೆಬೆಲ್ ಹಾಡು, ಡ್ರಮ್ಸ್ ಕೇಳಿದರೆ ಸೈನ್ಯದ ಕವಾಯತು, ಮಾತು ಕೇಳಿದರೆ ಎರಡೂ ಕಡೆಯವರ ಕೈ ಹಿಡಿದು ನಿಲ್ಲಿಸುವ ಬೇಡಿಕೆ. ತಂಡಕ್ಕೂ ಈ ತೊಡಕು ಗೊತ್ತಿತ್ತು. 1982ರ ಡಿಸೆಂಬರ್‌ನಲ್ಲಿ ಉತ್ತರದ ಬೆಲ್‌ಫಾಸ್ಟ್‌ನಲ್ಲಿ ಮೊದಲ ಸಲ ಹಾಡುವ ಮುನ್ನ ಬೊನೊ ಜನರಿಗೆ ಹೇಳಿದ: ನಿಮಗೆ ಹಿಡಿಸದಿದ್ದರೆ ಇದನ್ನು ಮತ್ತೆ ಹಾಡುವುದಿಲ್ಲ. ಹೆಚ್ಚಿನವರಿಗೆ ಹಿಡಿಸಿತು. ಮುಂದಿನ ವರ್ಷದ ಕಛೇರಿಗಳಲ್ಲಿ ‘ಇದು ರೆಬೆಲ್ ಹಾಡಲ್ಲ’ ಎಂದು ಮೊದಲೇ ಹೇಳಿ ಶುರು ಮಾಡುತ್ತಿದ್ದ, ಕೈಯಲ್ಲಿ ಬಿಳಿ ಬಾವುಟ. ಹಾಡಿನ ಅರ್ಥವನ್ನು ಹಾಡುವವನೇ ಮುಂಚಿತವಾಗಿ ಹೇಳಬೇಕಾಗಿ ಬರುವುದು ಏನನ್ನು ತೋರಿಸುತ್ತದೆ? ಒಬ್ಬರು ಪ್ರಾಮಾಣಿಕತೆ ಅನ್ನುತ್ತಾರೆ, ಇನ್ನೊಬ್ಬರು ಅಳುಕು ಅನ್ನುತ್ತಾರೆ.

ಬೇಸ್ ಗಿಟಾರಿನ ಹುಡುಗಿಯ ತಕರಾರು ಇದೇ. ನಮ್ಮ ಕಡೆ ಇದಕ್ಕೆ ‘ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗ’ ಎನ್ನುತ್ತಾರೆ. ಅವಳ ಮಾತನ್ನು ತಳ್ಳಿಹಾಕಲಿಕ್ಕೆ ಬರುವುದಿಲ್ಲ. 1983ರಲ್ಲಿ ಹಾಡು ಬಂದಾಗ ಡೆರ್ರಿಯ ಸತ್ತವರಿಗೆ ನ್ಯಾಯ ಸಿಕ್ಕಿರಲಿಲ್ಲ. ಸರ್ಕಾರದ ಕಾಗದದಲ್ಲಿ ಇನ್ನೂ ಸೈನಿಕರದೇ ಸರಿ. ಹೊಸದಾಗಿ ವಿಚಾರಣೆ ನಡೆದು, ಸತ್ತವರಲ್ಲಿ ಯಾರಿಂದಲೂ ಅಪಾಯವಿರಲಿಲ್ಲ ಎಂಬ ವರದಿ ಬಂದದ್ದು 2010ರ ಜೂನ್ 15ರಂದು. ಅವತ್ತು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಡುವೆ 38 ವರ್ಷ. ಆ 38 ವರ್ಷದ ನಡುವೆ ‘ಎಲ್ಲರೂ ನಿಲ್ಲಿಸಿ’ ಎಂದು ಹಾಡಿದರೆ, ಮಗನನ್ನು ಕಳೆದುಕೊಂಡ ಮನೆಯವರ ಕಿವಿಗೆ ಅದು ಹೇಗೆ ಬಿದ್ದೀತು? ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಂತೆ.

ಇನ್ನೊಂದು ಮಗ್ಗುಲೂ ಅಷ್ಟೇ ಗಟ್ಟಿ. 1987ರ ನವೆಂಬರ್ 8, ಉತ್ತರ ಐರ್ಲೆಂಡಿನ ಎನಿಸ್ಕಿಲ್ಲೆನ್. ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸೇರಿದ್ದ ಜನರ ನಡುವೆ ಐಆರ್‌ಎ ಇಟ್ಟ ಬಾಂಬ್ ಸಿಡಿದು 11 ಜನ ಸತ್ತರು. ಅದೇ ರಾತ್ರಿ ಯು2 ಅಮೆರಿಕದ ಡೆನ್ವರ್‌ನಲ್ಲಿತ್ತು. ಬೊನೊ ಇದೇ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ದೂರದ ಅಮೆರಿಕದಲ್ಲಿ ಕೂತು ‘ಕ್ರಾಂತಿ’ಯ ವೈಭವ ಮಾತಾಡುವ ಐರಿಷ್ ಮೂಲದವರ ಮೇಲೆ ಹರಿಹಾಯ್ದ. ಅದರ ಚಿತ್ರೀಕರಣವಿದೆ. ಅದನ್ನು ನೋಡಿದ ಮೇಲೆ ಹಾಡನ್ನು ಅಳುಕಿನದು ಎನ್ನುವುದು ಕಷ್ಟ. ಆ ಕಾಲದಲ್ಲಿ ಐರ್ಲೆಂಡಿನವನೊಬ್ಬ ವೇದಿಕೆಯ ಮೇಲೆ ನಿಂತು ಸಶಸ್ತ್ರ ಗುಂಪಿಗೆ ಎದುರು ಮಾತಾಡುವುದು ಸಣ್ಣ ಧೈರ್ಯವಲ್ಲ.

ನನ್ನನ್ನು ಕೇಳಿದರೆ, ಹಾಡು ಹುಟ್ಟಿದ್ದು 1972ರ ಹೆಸರಿನಲ್ಲಿ, ಅದಕ್ಕೆ ಮೈ ತುಂಬಿದ್ದು 1987ರಲ್ಲಿ. 1972ರ ಕಡೆಯಿಂದ ಕೇಳುವವರಿಗೆ ಅದು ಕಡಿಮೆ ಬೀಳುತ್ತದೆ, 1987ರ ಕಡೆಯಿಂದ ಕೇಳುವವರಿಗೆ ಎದೆಗೆ ನಾಟುತ್ತದೆ.

ಪೋಲೆಂಡೋ, ಪ್ರೇಮವೋ

ಮೂರನೆಯ ಹಾಡು ‘ನ್ಯೂ ಇಯರ್ಸ್ ಡೇ’. ಬ್ರಿಟನ್ನಿನ ಮೊದಲ ಹತ್ತು ಹಾಡುಗಳ ಪಟ್ಟಿಗೆ ಈ ತಂಡ ಮೊದಲ ಸಲ ಏರಿದ್ದು ಇದರಿಂದ. ರಾಜಕೀಯ ಹಾಡು ಅಂತಲೇ ಹೆಸರು ಮಾಡಿದೆ, ಆದರೆ ಮಾತು ಕೇಳಿದರೆ ಹಿಮ ಬಿದ್ದ ಬೆಳಗು, ದೂರವಾದ ಇಬ್ಬರು, ಮತ್ತೆ ಕೂಡುವ ಆಸೆ. ರಾಜಕಾರಣ ಎಲ್ಲಿದೆ?

ಕಥೆ ಹೀಗೆ. ಬೊನೊ ಇದನ್ನು ಶುರು ಮಾಡಿದ್ದು ಹೊಸ ಹೆಂಡತಿಗಾಗಿ, ಪ್ರೇಮಗೀತೆ ಎಂದು. ಆ ಹೊತ್ತಿಗೆ ಪೋಲೆಂಡಿನಲ್ಲಿ ಲೆಕ್ ವಲೆಸಾ ಮುಂದಾಳತ್ವದ ‘ಸಾಲಿಡಾರಿಟಿ’ ಎಂಬ ಕಾರ್ಮಿಕ ಸಂಘಟನೆಯನ್ನು ಹತ್ತಿಕ್ಕಲು ಅಲ್ಲಿನ ಸರ್ಕಾರ 1981ರ ಡಿಸೆಂಬರ್ 13ರಂದು ಸೈನಿಕ ಆಡಳಿತ ಹೇರಿತ್ತು. ವಲೆಸಾ ಬಂಧನದಲ್ಲಿ, ಹೆಂಡತಿ ಮನೆಯಲ್ಲಿ. ಪ್ರೇಮಗೀತೆಯೊಳಗೆ ಆ ಇಬ್ಬರು ನುಸುಳಿದರು. ಹಾಡು ಮುದ್ರಣವಾದ ಮೇಲೆ, 1982ರ ಕೊನೆಯ ದಿನ, ಪೋಲೆಂಡಿನಲ್ಲಿ ಸೈನಿಕ ಆಡಳಿತವನ್ನು ಅಮಾನತಿನಲ್ಲಿಟ್ಟರು. ಹೊಸ ವರ್ಷದ ದಿನದ ಹಾಡು ತಾನಾಗಿ ಸುದ್ದಿಗೆ ಸೇರಿಕೊಂಡಿತು.

ಒಂದೇ ಪದಕ್ಕೆ ಎರಡು ಅರ್ಥ ಹಿಡಿಯುವುದು ನಮಗೇನೂ ಹೊಸದಲ್ಲ. ಶಿಶುನಾಳ ಷರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದವನ್ನು ಮಕ್ಕಳು ನಕ್ಕೋತ ಹಾಡುತ್ತಾರೆ, ಭಜನೆಯಲ್ಲಿ ಕೂತ ಅಜ್ಜ ಕಣ್ಣು ಮುಚ್ಚಿ ಹಾಡುತ್ತಾನೆ. ಅಜ್ಜನಿಗೆ ಅದು ಗುರು-ಶಿಷ್ಯರ ಮಾತು. ಇಬ್ಬರೂ ತಪ್ಪು ಕೇಳಿಲ್ಲ. ಪೋಲೆಂಡಿನ ಕಥೆ ಗೊತ್ತಿದ್ದವನಿಗೆ ‘ನ್ಯೂ ಇಯರ್ಸ್ ಡೇ’ ಒಂದು ಹಾಡು, ಗೊತ್ತಿಲ್ಲದವನಿಗೆ ಇನ್ನೊಂದು. ‘ಇದರಲ್ಲಿ ರಾಜಕೀಯ ತೆಳುವಾಯಿತು’ ಎಂದು ದೂರುವವನೂ ‘ಘೋಷಣೆ ಇಲ್ಲದ ಕಾರಣ ಬಾಳಿತು’ ಎಂದು ಮೆಚ್ಚುವವನೂ ಬೆರಳು ತೋರಿಸುವುದು ಒಂದೇ ಗುಣದ ಕಡೆಗೆ.

ಜಗ್ಗಲಿಗಿ ಕಿವಿ

ಡ್ರಮ್ಸ್ ಹುಡುಗನ ವಿಷಯಕ್ಕೆ ಬರೋಣ. ಮಾತು ಕೇಳದೆ ಸದ್ದು ಮಾತ್ರ ಕೇಳುವವರ ಪಂಗಡ ದೊಡ್ಡದು, ಅವರ ಜಗಳವೇ ಬೇರೆ.

‘ವಾರ್’ ಮುದ್ರಣವಾದದ್ದು ಡಬ್ಲಿನ್ನಿನ ವಿಂಡ್‌ಮಿಲ್ ಲೇನ್ ಸ್ಟುಡಿಯೋದಲ್ಲಿ, ಮುದ್ರಿಸಿದವರು ಸ್ಟೀವ್ ಲಿಲಿವೈಟ್. ಡ್ರಮ್ಸನ್ನು ಮೆಟ್ಟಿಲುಗಳ ಬುಡದಲ್ಲಿಟ್ಟು ಬಾರಿಸಿ ಸದ್ದು ಹಿಡಿದರು. ಯಾಕೆ? ಗದಗಿನ ಹತ್ತಿರದ ಲಕ್ಕುಂಡಿಗೆ ಹೋದಾಗ ಮುಸುಕಿನ ಬಾವಿಯ ಮೆಟ್ಟಿಲಿಳಿದು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಮೇಲೆ ಅಂಗಳದಲ್ಲಿ ತಟ್ಟಿದ್ದೂ ಕೆಳಗೆ ತಟ್ಟಿದ್ದೂ ಒಂದೇ ಕೈ, ಆದರೆ ಕೆಳಗಿನದಕ್ಕೆ ಸುತ್ತಲಿನ ಕಲ್ಲೂ ದನಿಗೂಡಿಸುತ್ತದೆ. ಜೊತೆಗೆ ಲ್ಯಾರಿಯ ಕಿವಿಯಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಸದ್ದು ಇಟ್ಟರು, ತಾಳ ಒಂದು ಕೂದಲೆಳೆಯೂ ಸರಿಯದಂತೆ. ಹೀಗಾಗಿ ಸೈನ್ಯದ ಹೆಜ್ಜೆಯಂಥ ಬಿಗಿ ಬಂತು. ಎಡ್ಜ್ ತನ್ನ ಹೆಸರುವಾಸಿ ಪ್ರತಿಧ್ವನಿಯ ಗಿಟಾರನ್ನು ಇಲ್ಲಿ ಕಡಿಮೆ ಮಾಡಿ ಒರಟಾಗಿ, ಹಸಿಯಾಗಿ ಬಾರಿಸಿದ.

ಹೋಳಿ ಹುಣ್ಣಿವಿಗೆ ಹುಬ್ಬಳ್ಳಿಯಲ್ಲಿ ಜಗ್ಗಲಿಗಿ ಕೇಳಿದವರಿಗೆ ಈ ಸದ್ದಿನ ರುಚಿ ಹೇಳಬೇಕಿಲ್ಲ. ಚಕ್ಕಡಿ ಗಾಲಿಯ ಹಳಿಗೆ ತೊಗಲು ಬಿಗಿದು ಉರುಳಿಸಿಕೊಂಡು ಬರುವ ಆ ವಾದ್ಯ ಎದೆಗೂಡಿನಲ್ಲಿ ಕೇಳುತ್ತದೆ. ಅದರ ಮುಂದೆ ನಿಂತು ‘ಸ್ವಲ್ಪ ಮೆತ್ತಗೆ ಬಾರಿಸಿದರೆ ಚೆನ್ನಾಗಿತ್ತು’ ಎನ್ನುವವರೂ ಇರುತ್ತಾರೆ. ರಾಕ್ ಕೇಳುಗರಲ್ಲೂ ಹಾಗೆ. 1984ರಲ್ಲಿ ಬಂದ ಮುಂದಿನ ಆಲ್ಬಮ್ ಮುದ್ರಿಸಲು ತಂಡ ಲಿಲಿವೈಟ್ ಬದಲು ಬ್ರಯನ್ ಈನೊ ಮತ್ತು ಡೇನಿಯಲ್ ಲನ್ವಾರನ್ನು ಕರೆತಂದು ಸದ್ದನ್ನು ಮಂಜಿನಂತೆ ಹರಡಿತು. ಆ ಮಂಜು ಇಷ್ಟಪಟ್ಟವರಿಗೆ ‘ವಾರ್’ ಬರೀ ಗದ್ದಲ. ಗದ್ದಲ ಇಷ್ಟಪಟ್ಟವರಿಗೆ ಯು2 ತಂಡದ ಕೊನೆಯ ನಿಜವಾದ ಆಲ್ಬಮ್ ‘ವಾರ್’.

ಒಂದು ಪಿಟೀಲಿನ ಕಥೆ ಹೇಳದೆ ಮುಂದೆ ಹೋಗಲಾರೆ. ಸ್ಟೀವ್ ವಿಕಮ್ ಎಂಬ ಡಬ್ಲಿನ್ನಿನ ಹುಡುಗ ಬಸ್ ಸ್ಟಾಪಿನಲ್ಲಿ ಎಡ್ಜ್‌ನನ್ನು ಕಂಡು, ‘ನಿಮ್ಮ ಮುಂದಿನ ಆಲ್ಬಮ್ಮಿಗೆ ಪಿಟೀಲು ಬೇಕೇನು?’ ಎಂದು ಕೇಳಿದ. ಬೇಕಾಗಿತ್ತು. ‘ಸಂಡೇ ಬ್ಲಡಿ ಸಂಡೇ’ಯಲ್ಲಿ ಕೊಯ್ದಂತೆ ಕೇಳುವ ಪಿಟೀಲು ಅವನದೇ. ಕೋರ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತಾಗ ಯಾರಾದರೂ ನನ್ನನ್ನು ಹೀಗೆ ಕೇಳಬಾರದೇ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಆದರೆ ನನಗೆ ಯಾವ ವಾದ್ಯವೂ ಬಾರಿಸಲು ಬರುವುದಿಲ್ಲ.

ತಿರುಗಿಸಿ ಹಾಕಿದ ಮೇಲೆ

ತಟ್ಟೆಯ ಮೊದಲ ಮಗ್ಗುಲಿನಲ್ಲಿ ಐರ್ಲೆಂಡ್ ಇದೆ, ಅಣುಬಾಂಬಿನ ಭಯದ ‘ಸೆಕೆಂಡ್ಸ್’ ಇದೆ, ಪೋಲೆಂಡ್ ಇದೆ. ತಿರುಗಿಸಿ ಹಾಕಿದರೆ ‘ದ ರೆಫ್ಯೂಜಿ’ ಒಂದನ್ನು ಬಿಟ್ಟು ರಾಜಕಾರಣ ಹಿಂದೆ ಸರಿಯುತ್ತದೆ. ಪ್ರೇಮ, ಪಟ್ಟಣದ ರಾತ್ರಿ, ಹಿನ್ನೆಲೆಯಲ್ಲಿ ಹುಡುಗಿಯರ ದನಿ, ಒಂದು ಹಾಡಿನಲ್ಲಿ ತುತ್ತೂರಿ ಕೂಡ. ಮೊದಲ ಮಗ್ಗುಲಿಗೆ ಪೂರ್ತಿ ಅಂಕ, ಎರಡನೆಯದಕ್ಕೆ ಪಾಸ್ ಮಾರ್ಕ್ಸ್ ಎನ್ನುವವರು ಬಹಳ ಜನ. ಅದನ್ನು ಒಪ್ಪದವರೂ ಇದ್ದಾರೆ. ಯುದ್ಧದ ಸುದ್ದಿ ಕೇಳುತ್ತಲೇ ಮನುಷ್ಯ ಪ್ರೇಮಿಸುತ್ತಾನಲ್ಲ, ಎರಡೂ ಸೇರಿಯೇ ‘ವಾರ್’ ಎನ್ನುವುದು ಅವರ ವಾದ. ನಾನು ಮೊದಲಿನವರ ಜೊತೆ. ‘ರೆಡ್ ಲೈಟ್’ ಬಂತೆಂದರೆ ನನ್ನ ಬೆರಳು ತಾನಾಗಿ ಮುಂದಕ್ಕೆ ಒತ್ತುತ್ತದೆ.

ಈಗ ಮೊಬೈಲಿನಲ್ಲಿ ಕೇಳುವವರಿಗೆ ಮಗ್ಗುಲು ಎನ್ನುವುದೇ ಇಲ್ಲ. ಒಂದೆರಡು ಹಾಡು ಕೇಳಿ ‘ಅದ್ಭುತ’ ಎನ್ನುವವನೂ ಹತ್ತೂ ಹಾಡು ಕೇಳಿ ‘ಅಷ್ಟಕ್ಕಷ್ಟೆ’ ಎನ್ನುವವನೂ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡುತ್ತಿರುತ್ತಾರೆ. ಜಗಳ ಮಾತ್ರ ಒಂದೇ ಅಂದುಕೊಂಡಿರುತ್ತಾರೆ.

ಆಮೇಲೆ ಆದದ್ದರಿಂದ ಹಿಂದಿನದನ್ನು ಅಳೆಯುವುದು

1983ರ ಮಾರ್ಚ್‌ನಲ್ಲಿ ‘ವಾರ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕೆಳಗಿಳಿಸಿದ್ದು ಯಾವುದನ್ನು ಗೊತ್ತೇ? ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ಅನ್ನು. ಆಗಲೂ ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ 500 ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿ ಮಾಡಿದಾಗ ‘ವಾರ್’ಗೆ ಅದರಲ್ಲಿ ಜಾಗ ಕೊಟ್ಟಿತು.

ಅಷ್ಟರಲ್ಲಿ ತಂಡ ಜಗತ್ತಿನ ಅತಿ ದೊಡ್ಡ ತಂಡಗಳಲ್ಲಿ ಒಂದಾಗಿ, ಬೊನೊ ಪ್ರಧಾನಿ, ಅಧ್ಯಕ್ಷರ ಪಕ್ಕದಲ್ಲಿ ಕಾಣಿಸಿಕೊಳ್ಳತೊಡಗಿದ್ದ. 2006ರಲ್ಲಿ ತೆರಿಗೆಯ ಕಾರಣಕ್ಕೆ ತಂಡ ತನ್ನ ವ್ಯವಹಾರದ ಒಂದು ಭಾಗವನ್ನು ಐರ್ಲೆಂಡಿನಿಂದ ನೆದರ್ಲೆಂಡ್ಸ್‌ಗೆ ಸಾಗಿಸಿತು. 2014ರಲ್ಲಿ ಅದರ ಹೊಸ ಆಲ್ಬಮ್ಮನ್ನು ಕೇಳಿದವರಿಗೂ ಕೇಳದವರಿಗೂ ಐಟ್ಯೂನ್ಸ್ ಮೂಲಕ ಪುಕ್ಕಟೆಯಾಗಿ ಹಂಚಿದಾಗ ಬೈದವರೇ ಬಹಳ. ಇದನ್ನೆಲ್ಲ ನೋಡಿದ ಮೇಲೆ ‘ವಾರ್’ ಕೇಳುವವನಿಗೆ ಬಿಳಿ ಬಾವುಟ ಹಿಡಿದ ಹುಡುಗ ಕಾಣುವುದಿಲ್ಲ, ಮುಂದೆ ಭಾಷಣ ಬಿಗಿಯಲಿರುವ ಶ್ರೀಮಂತ ಕಾಣುತ್ತಾನೆ. ಆರಿಸಿಬಂದ ಮೇಲೆ ಬದಲಾದ ನಾಯಕನ ಹಳೆಯ ಹೋರಾಟದ ಫೋಟೋ ನೋಡಿ ‘ಆವಾಗಿಂದನೂ ನಾಟಕನ ಮಾಡ್ತಿದ್ದ’ ಎಂದು ಊರವರು ಹೇಳುವುದಿಲ್ಲವೇ, ಹಾಗೆ. ಇಪ್ಪತ್ತೆರಡರ ಹುಡುಗ ಆವಾಗ ನಾಟಕ ಮಾಡುತ್ತಿದ್ದನೇ ಇಲ್ಲವೇ ಎಂಬುದನ್ನು ಐವತ್ತರ ಶ್ರೀಮಂತನನ್ನು ನೋಡಿ ತೀರ್ಮಾನಿಸುವುದು ಹೇಗೆ?

ನನ್ನ ಗೆಳೆಯನೊಬ್ಬನಿಗೆ ಉಲ್ಟಾ ಆಯಿತು. 2019ರ ಡಿಸೆಂಬರ್ 15ರಂದು ಯು2 ಮೊದಲ ಸಲ ಭಾರತಕ್ಕೆ ಬಂದು ನವಿ ಮುಂಬೈನಲ್ಲಿ ಹಾಡಿದಾಗ ಇವನು ಹುಬ್ಬಳ್ಳಿಯಿಂದ ರಾತ್ರಿ ಸ್ಲೀಪರ್ ಬಸ್ಸು ಹಿಡಿದು ಹೋಗಿದ್ದ. ಅಲ್ಲಿಯ ತನಕ ‘ಸಂಡೇ ಬ್ಲಡಿ ಸಂಡೇ’ ಅಂದರೆ ಭಾನುವಾರದ ಬೇಜಾರಿನ ಹಾಡು ಎಂದುಕೊಂಡಿದ್ದ, ಪಾಪ. ಕಾರ್ಯಕ್ರಮ ಶುರುವಾದದ್ದೇ ಆ ಹಾಡಿನಿಂದ. ವಾಪಸು ಬರುವಾಗ ಬಸ್ಸಿನಲ್ಲಿ ಮೊಬೈಲಿನಲ್ಲಿ ಡೆರ್ರಿಯ ಕಥೆ ಓದಿದನಂತೆ. ಬೆಳಗಿನ ಜಾವ ನನಗೆ ಫೋನು ಮಾಡಿ, "ಲೇ, ಇಪ್ಪತ್ತು ವರ್ಷ ನಾ ಬ್ಯಾರೆ ಹಾಡು ಕೇಳಿನ್ಯೋ" ಅಂದ.

ಕೊನೆಯ ಹಾಡು

ಆಲ್ಬಮ್ ಮುಗಿಯುವುದು ‘40’ ಎಂಬ ಹಾಡಿನಿಂದ. ಬೈಬಲ್ಲಿನ ನಲವತ್ತನೆಯ ಕೀರ್ತನೆಯಿಂದ ಕಟ್ಟಿದ್ದು, ಆದ್ದರಿಂದ ಆ ಹೆಸರು. ಸ್ಟುಡಿಯೋದ ಅವಧಿ ಮುಗಿಯುತ್ತ ಬಂದಿತ್ತು, ಆಡಮ್ ಮನೆಗೆ ಹೋಗಿಬಿಟ್ಟಿದ್ದ. ಅವನ ಬೇಸ್ ಗಿಟಾರನ್ನೂ ಎಡ್ಜ್‌ನೇ ಬಾರಿಸಿ ಅವಸರದಲ್ಲಿ ಮುಗಿಸಿದರು. ಅದಕ್ಕೇ ವೇದಿಕೆಯ ಮೇಲೆ ಈ ಹಾಡಿಗೆ ಇಬ್ಬರೂ ವಾದ್ಯ ಅದಲುಬದಲು ಮಾಡಿಕೊಳ್ಳುತ್ತಾರೆ. ಕಾರ್ಯಕ್ರಮದ ಕೊನೆಗೆ ಇದನ್ನು ಹಾಡುವಾಗ ಒಬ್ಬೊಬ್ಬರೇ ವಾದ್ಯ ಇಳಿಸಿ ಒಳಗೆ ಹೋಗುತ್ತಾರೆ. ಕಡೆಗೆ ಡ್ರಮ್ಸ್ ಮಾತ್ರ ಉಳಿಯುತ್ತದೆ, ಆಮೇಲೆ ಅದೂ ಇಲ್ಲ. ಜನ ಮಾತ್ರ ಹಾಡುತ್ತಲೇ ಹೊರಗೆ ನಡೆಯುತ್ತಾರೆ. ಆಲ್ಬಮ್ ರಾಜಕೀಯದ್ದೋ ಪ್ರಾರ್ಥನೆಯದ್ದೋ ಎಂಬ ಇನ್ನೊಂದು ವಾದಕ್ಕೆ ಮೂಲ ಈ ಹಾಡು. ರಕ್ತದ ಭಾನುವಾರದಿಂದ ಶುರುವಾಗಿ ಕೀರ್ತನೆಯಲ್ಲಿ ಮುಗಿಯುವುದನ್ನು ಕೆಲವರು ಜಾರಿಕೊಂಡದ್ದು ಎಂದು ಕೇಳುತ್ತಾರೆ. ವಚನ, ತತ್ವಪದಗಳ ಊರಿನಲ್ಲಿ ಬೆಳೆದ ನನಗೆ ಹಾಗೆ ಕೇಳಿಸುವುದಿಲ್ಲ. ಬಸವಣ್ಣನಿಂದ ಷರೀಫರ ತನಕ ಇಲ್ಲಿ ಜಗಳವೂ ಭಕ್ತಿಯೂ ಒಂದೇ ಬಾಯಿಂದ ಬಂದಿವೆ.

ಹೋದ ವಾರ ಮಾಳಿಗೆ ಖೋಲಿಗೆ ಹೋದೆ. ‘ಸಂಡೇ ಬ್ಲಡಿ ಸಂಡೇ’ ಇನ್ನೂ ಪಟ್ಟಿಯಲ್ಲಿತ್ತು, ಅದರ ಕೆಳಗೆ ಹುಡುಗಿ ‘40’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಅಣ್ಣನ ಮಗ ತನ್ನ ಗಿಟಾರನ್ನು ಅವಳಿಗೆ ಕೊಟ್ಟು ಅವಳ ಬೇಸ್ ತಾನು ಹಾಕಿಕೊಂಡ. ಎರಡು ಸಲ ತಪ್ಪಿದರು, ಮೂರನೆಯ ಸಲ ಹಾದಿಗೆ ಬಂತು. ಮೊದಲು ಹಾಡುವ ಹುಡುಗ ಬಾಗಿಲು ತೆರೆದು ಹೊರಗೆ ಹೋದ, ಆಮೇಲೆ ಹುಡುಗಿ, ಆಮೇಲೆ ಅಣ್ಣನ ಮಗ. ಡ್ರಮ್ಸಿನವನೊಬ್ಬನೇ ಉಳಿದ, ಎದುರಿಗೆ ನಾನು. ಹಾಡನ್ನು ಹಿಡಿದುಕೊಂಡು ಮುಂದುವರಿಸಬೇಕಾದ ಜನ ಅಂದರೆ ಅಲ್ಲಿ ನಾನೊಬ್ಬನೇ. ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅಣ್ಣನ ದನಿ ಬಂತು: "ಎಂಟು ಹೊಡೀತಲೇ, ಸಾಕು ಮಾಡ್ರಿ!"